ಇದು ನಮಗೆ ಹೇಗೆ ಗೊತ್ತು? – ಇತಿಹಾಸದ ಓದು ಮತ್ತು ಮೇಷ್ಟ್ರ ಹೊಣೆ



ಇತಿಹಾಸವನ್ನು ಯಾಕೆ ಓದಬೇಕು ಎಂದು ಕೇಳಿದರೆ ವೇದಿಕೆಗಳ ಮೇಲೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ನಮ್ಮ ಹಿರಿಯರ ಸಾಧನೆ ತಿಳಿದು ಅಭಿಮಾನಪಡುವುದಕ್ಕೆ ಎನ್ನುವುದು ಒಂದು. ಹಿಂದೆ ಆದ ತಪ್ಪು ಮತ್ತೆ ಆಗದಿರಲಿ ಎನ್ನುವುದು ಇನ್ನೊಂದು. ಎರಡರಲ್ಲೂ ನಿಜವಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಬಹುಕಾಲ ತರಗತಿಯಲ್ಲೇ ಬದುಕಿದ ನನಗೆ ಈ ಎರಡಕ್ಕೂ ಮೊದಲು ಕಲಿಸಬೇಕಾದ ಒಂದು ಅಭ್ಯಾಸ ಕಾಣುತ್ತದೆ. ಹಿಂದೆ ಹೀಗಿತ್ತು ಎಂದು ಯಾರಾದರೂ ಹೇಳಿದಾಗ, ಹೇಳಿದವರು ಎಷ್ಟೇ ದೊಡ್ಡವರಾಗಿರಲಿ, ‘ಇದು ನಮಗೆ ಹೇಗೆ ಗೊತ್ತು?’ ಎಂದು ಮರ್ಯಾದೆಯಿಂದ, ಆದರೆ ಬಿಡದೆ ಕೇಳುವ ಅಭ್ಯಾಸ ಅದು. ಇದನ್ನು ಕಲಿತ ಹುಡುಗಿ ಮುಂದೆ ನರ್ಸ್ ಆಗಲಿ, ಪಂಚಾಯಿತಿ ಸದಸ್ಯೆಯಾಗಲಿ, ಅಂಗಡಿ ಇಡಲಿ, ಅವಳಿಗೆ ಇತಿಹಾಸ ದಕ್ಕಿದೆ ಎಂದೇ ನನ್ನ ಎಣಿಕೆ. ಕಲಿಯದವರಿಗೆ ನೂರು ಇಸವಿ ಬಾಯಿಗೆ ಬಂದರೂ ದಕ್ಕಿಲ್ಲ.

ವಿಷಯದ ಇವತ್ತಿನ ಸ್ಥಿತಿ ನಿಮಗೆಲ್ಲ ಗೊತ್ತೇ ಇದೆ, ಬೇಗ ಹೇಳಿ ಮುಂದೆ ಹೋಗುತ್ತೇನೆ. ಹೈಸ್ಕೂಲಿನಲ್ಲಿ ಇತಿಹಾಸವೆಂದರೆ ಸಮಾಜ ವಿಜ್ಞಾನದ ಒಂದು ಪಾಲು. ಅದೇ ಪುಸ್ತಕದೊಳಗೆ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವೂ ಕೂತಿವೆ. ಪಿಯುಸಿಗೆ ಬಂದರೆ ಸೈನ್ಸ್, ಕಾಮರ್ಸ್ ಸೀಟು ಸಿಗದವರಿಗೆ ಆರ್ಟ್ಸ್ ಎನ್ನುವ ಮಾತು ಮನೆಮನೆಯಲ್ಲಿದೆ. ಮೇಷ್ಟ್ರಿಗೆ ಪೋರ್ಷನ್ ಮುಗಿಸುವ ಒತ್ತಡ, ಮಕ್ಕಳಿಗೆ ಗೈಡಿನ ಉತ್ತರವನ್ನು ಉರುಹೊಡೆಯುವ ಒತ್ತಡ. ಈ ಒತ್ತಡದಲ್ಲಿ ಮೊದಲು ಬಿಟ್ಟುಹೋಗುವುದು ನಾನು ಹೇಳಿದ ಪ್ರಶ್ನೆ. ‘ಹೇಗೆ ಗೊತ್ತು’ ಎಂದು ಕೇಳಿದ ಹುಡುಗನಿಗೆ ‘ಪುಸ್ತಕದಲ್ಲಿದೆ ಕಣೋ, ಬರ್ಕೊ’ ಎಂಬ ಉತ್ತರ ಸಿಕ್ಕಿದ ದಿನ ಅವನ ಪಾಲಿಗೆ ಇತಿಹಾಸದ ಬಾಗಿಲು ಮುಚ್ಚುತ್ತದೆ.

ಆ ಬಾಗಿಲು ತೆರೆದಾಗ ಏನು ಕಾಣುತ್ತದೆ ಎಂದು ಒಂದು ಬಂಡೆಯನ್ನೇ ಹಿಡಿದು ನೋಡೋಣ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ ಇದೆ. ಅಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ನಮ್ಮ ಮಕ್ಕಳಿಗೆ ಇದು ಪಟ್ಟಿಯಲ್ಲಿ ಬರುವ ಒಂದು ಹೆಸರು: ಮಸ್ಕಿ, ಕೊಪ್ಪಳ, ಸಿದ್ದಾಪುರ, ಬ್ರಹ್ಮಗಿರಿ. ಬರೆದರೆ ಅಂಕ ಬಂತು. ಆ ಬಂಡೆಗೇ ಒಂದು ಪೂರ್ತಿ ಪೀರಿಯಡ್ ಕೊಟ್ಟು ನೋಡಿ.

ಶಾಸನದ ಆರಂಭದಲ್ಲಿ ಧರ್ಮಬೋಧೆ ಇಲ್ಲ, ಕಚೇರಿಯ ವ್ಯವಹಾರವಿದೆ. ಸುವರ್ಣಗಿರಿಯಲ್ಲಿರುವ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ, ಆಮೇಲೆ ದೇವಾನಾಂಪ್ರಿಯನ, ಅಂದರೆ ಅಶೋಕನ, ಆಜ್ಞೆಯನ್ನು ತಿಳಿಸುತ್ತಾರೆ. ಇಷ್ಟರಿಂದ ಏನೇನು ಗೊತ್ತಾಗುತ್ತದೆ ಎಂದು ಮಕ್ಕಳನ್ನೇ ಕೇಳಬಹುದು. ಪಾಟಲಿಪುತ್ರದ ಆಜ್ಞೆ ಇಲ್ಲಿಗೆ ನೇರವಾಗಿ ಬಂದಿಲ್ಲ, ನಡುವೆ ಪ್ರಾಂತ್ಯದ ಒಂದು ಕೇಂದ್ರವಿತ್ತು. ಅಲ್ಲಿ ರಾಜಮನೆತನದವನೊಬ್ಬ ಇದ್ದ. ಅವನ ಕೈಕೆಳಗೆ ಇನ್ನೊಂದು ಊರಿನ ಅಧಿಕಾರಿಗಳಿದ್ದರು. ಒಬ್ಬರಿಗೊಬ್ಬರು ಬರೆಯುವಾಗ ಮೊದಲು ಆರೋಗ್ಯ ವಿಚಾರಿಸುವ ಪದ್ಧತಿ ಇತ್ತು. ಮೌರ್ಯರ ಆಡಳಿತ ವ್ಯವಸ್ಥೆ ಎಂದು ನಾಲ್ಕು ಅಂಕಕ್ಕೆ ಬರೆಸುವ ಟಿಪ್ಪಣಿಯಲ್ಲಿ ಇರುವ ಎಷ್ಟೋ ವಿಷಯ ಇಂಥ ಸಾಲುಗಳಿಂದ ಕೂಡಿಸಿಕೊಂಡದ್ದು. ಸುವರ್ಣಗಿರಿ ಯಾವುದು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆಂಧ್ರದ ಜೊನ್ನಗಿರಿ ಎನ್ನುವವರಿದ್ದಾರೆ, ನಮ್ಮ ಕೊಪ್ಪಳ ಜಿಲ್ಲೆಯ ಕನಕಗಿರಿ ಎನ್ನುವವರಿದ್ದಾರೆ. ಈ ಭಿನ್ನಾಭಿಪ್ರಾಯವನ್ನು ಮಕ್ಕಳಿಂದ ಮುಚ್ಚಿಡಬಾರದು. ದೊಡ್ಡವರಿಗೂ ಗೊತ್ತಿಲ್ಲದ್ದು ಇದೆ ಎಂದು ತಿಳಿದಾಗಲೇ ಹದಿನೈದು ವರ್ಷದ ಹುಡುಗಿಗೆ ತಾನೂ ಹುಡುಕಬಹುದು ಎಂಬ ಆಸೆ ಹುಟ್ಟುವುದು.

ಮುಂದೆ ರಾಜ ತನ್ನ ವಿಷಯವನ್ನೇ ಹೇಳಿಕೊಳ್ಳುತ್ತಾನೆ. ಉಪಾಸಕನಾದ ಮೇಲೆ ಮೊದಲ ಒಂದು ವರ್ಷ ಹೆಚ್ಚು ಶ್ರಮಪಡಲಿಲ್ಲವೆಂದೂ ಸಂಘಕ್ಕೆ ಹತ್ತಿರವಾದ ಮೇಲೆ ಶ್ರಮಪಟ್ಟೆನೆಂದೂ ಹೇಳಿ, ಇದು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಾಧ್ಯ ಎನ್ನುತ್ತಾನೆ. ಅದಾದ ಮೇಲೆ ನಡತೆಯ ಮಾತು: ತಂದೆತಾಯಿಯ ಸೇವೆ ಮಾಡಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು. ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬ ಮಾತೂ ಅಲ್ಲಿದೆ. ಇದು ಹಳೆಯ ಕಾಲದಿಂದ ಬಂದ ಪದ್ಧತಿ ಎಂದೂ ಶಾಸನ ಹೇಳುತ್ತದೆ. ಕರ್ನಾಟಕದ ನೆಲದಲ್ಲಿ ಸಿಕ್ಕಿರುವ ಅತಿ ಹಳೆಯ ಬರಹಗಳಲ್ಲೇ ಮೇಷ್ಟ್ರ ಪ್ರಸ್ತಾಪ ಇದೆ ಎಂಬುದನ್ನು ಅಧ್ಯಾಪಕ ಬಂಧುಗಳು ಗಮನಿಸಬೇಕು. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದಿನ ಆ ಬರಹಕ್ಕೂ ಅದು ‘ಹಳೆಯ’ ಪದ್ಧತಿಯೇ ಆಗಿತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ಪ್ರಿಯವಾದದ್ದು ಕೊನೆಯ ಸಾಲು. ಇದನ್ನು ಬರೆದವನು ಚಪಡ ಎಂದು ಹೆಸರಿದೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿ, ಎಡದಿಂದ ಬಲಕ್ಕೆ. ಆದರೆ ಚಪಡ ತಾನು ಲಿಪಿಕಾರ ಎಂದು ಹೇಳಿಕೊಳ್ಳುವ ಒಂದು ಪದವನ್ನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಅಶೋಕನ ಶಾಸನಗಳನ್ನು ಆ ಲಿಪಿಯಲ್ಲಿ ಬರೆಸಿರುವ ಶಹಬಾಜ್‌ಗಢಿ, ಮಾನ್ಸೆಹ್ರಾ ಇವತ್ತಿನ ಪಾಕಿಸ್ತಾನದಲ್ಲಿವೆ. ಅಷ್ಟು ದೂರದ ಲಿಪಿಯನ್ನು ಕಲಿತ ಒಬ್ಬ ಮನುಷ್ಯ ಮೊಳಕಾಲ್ಮುರಿನ ಬಂಡೆಯ ಮುಂದೆ ಕೂತು ಕೆಲಸ ಮಾಡಿದ್ದಾನೆ. ಹತ್ತಿರದ ಸಿದ್ದಾಪುರದಲ್ಲೂ ಜಟಿಂಗ ರಾಮೇಶ್ವರದಲ್ಲೂ ಅವನದೇ ಕೈ. ಅವನು ಅಲ್ಲಿಂದ ಬಂದವನೇ, ಅಲ್ಲಿ ಓದಿದವನೇ, ಆ ಒಂದು ಪದವನ್ನು ಯಾಕೆ ಹಾಗೆ ಬರೆದ? ಬಂಡೆ ಉತ್ತರ ಹೇಳುವುದಿಲ್ಲ. ಎಷ್ಟು ಹೇಳಬಹುದು, ಎಲ್ಲಿ ನಿಲ್ಲಿಸಬೇಕು ಎಂಬ ಎರಡನ್ನೂ ಮಕ್ಕಳು ಇಲ್ಲಿ ಒಟ್ಟಿಗೆ ಕಲಿಯುತ್ತಾರೆ. ಊಹೆ ಮಾಡಲಿ, ಬೇಡ ಎನ್ನಬೇಡಿ. ಊಹೆಯನ್ನು ಊಹೆ ಎಂದೇ ಹೇಳಿಸಿ.

ಈ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದವರು ಬಿ.ಎಲ್. ರೈಸ್. ಬೆಂಗಳೂರಿನಲ್ಲೇ ಹುಟ್ಟಿದ ರೈಸ್ ಮೊದಲು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದರು, ಆಮೇಲೆ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್. ಶಾಲೆ ನೋಡಲು ಕುದುರೆಯ ಮೇಲೆ ಊರೂರು ತಿರುಗುವಾಗ ಅವರ ಕಣ್ಣಿಗೆ ಕಲ್ಲುಗಳು ಬಿದ್ದವು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳು, ಸುಮಾರು ಒಂಬತ್ತು ಸಾವಿರ ಶಾಸನಗಳು, ಒಬ್ಬ ಶಿಕ್ಷಣ ಇಲಾಖೆಯ ಮನುಷ್ಯನ ತಿರುಗಾಟದಿಂದ ಹುಟ್ಟಿಕೊಂಡ ಕೆಲಸ. ನಮ್ಮ ರಾಜ್ಯದ ಇತಿಹಾಸದ ಅಡಿಪಾಯವನ್ನು ಹೀಗೆ ಒಬ್ಬ ಮೇಷ್ಟ್ರೇ ಹಾಕಿದ್ದಾರೆ.

ಅಶೋಕನ ವಿಷಯ ಇಲ್ಲಿಗೆ ಬಿಟ್ಟರೆ ಅರ್ಧವೇ ಹೇಳಿದಂತೆ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿಯನ್ನು ಓದಿದಾಗ ಶಾಸನಗಳಲ್ಲಿ ಕಂಡದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು. ಈ ಪ್ರಿಯದರ್ಶಿ ಯಾರು? ಸಿಂಹಳದ ಪಾಲಿ ಗ್ರಂಥಗಳನ್ನು ಓದುತ್ತಿದ್ದ ಜಾರ್ಜ್ ಟರ್ನರ್ ಇವನೇ ಅಶೋಕ ಎಂದು ತೋರಿಸಿಕೊಟ್ಟರು. ಆಧಾರ ಬಲವಾಗಿಯೇ ಇತ್ತು, ಆದರೆ ಅದು ಗ್ರಂಥದ ಆಧಾರ. ಶಾಸನದಲ್ಲೇ ಹೆಸರು ಸಿಗಲು 1915ರವರೆಗೆ ಕಾಯಬೇಕಾಯಿತು. ಆ ವರ್ಷ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಗವಿಯ ಬಂಡೆಯೊಂದರ ಮೇಲೆ ಅಕ್ಷರ ಕಂಡರು. ಅಲ್ಲಿ ಅಶೋಕ ಎಂದೇ ಬರೆದಿತ್ತು. ಮುಂದೆ ಬಳ್ಳಾರಿ ಕಡೆಯ ನಿಟ್ಟೂರು, ಉದೇಗೊಳಂಗಳಲ್ಲೂ ಆ ಹೆಸರು ಸಿಕ್ಕಿತು. 1990ರ ದಶಕದಲ್ಲಿ ಸನ್ನತಿಯ ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ಬೌದ್ಧ ಸ್ತೂಪದ ಕಲ್ಲುಗಳ ನಡುವೆ ರಾಜನ ಉಬ್ಬುಶಿಲ್ಪವೊಂದು ಹೊರಬಂತು, ಪಕ್ಕದಲ್ಲಿ ‘ರಾಯೋ ಅಸೋಕೋ’ ಎಂಬ ಹೆಸರಿನೊಂದಿಗೆ. ಒಂದು ಪ್ರಶ್ನೆ ಎಪ್ಪತ್ತೆಂಟು ವರ್ಷ ಕಾದು ಉತ್ತರ ಪಡೆದದ್ದು ನಮ್ಮ ರಾಯಚೂರಿನಲ್ಲಿ. ಇದನ್ನು ಕಲ್ಯಾಣ ಕರ್ನಾಟಕದ ಪ್ರತಿ ಮಗುವೂ ಕಥೆಯಾಗಿ ಕೇಳಬೇಕು. ಅಭಿಮಾನ ಬೇಕೆಂದರೆ ಇದರಲ್ಲಿ ಬೇಕಾದಷ್ಟಿದೆ, ಒಂದು ಮಾತನ್ನೂ ಉಬ್ಬಿಸಬೇಕಾಗಿಲ್ಲ.

ಇನ್ನೊಂದು ಉದಾಹರಣೆ ಎಲ್ಲರಿಗೂ ಗೊತ್ತಿರುವ ಕಥೆಯದು. ಬೇಟೆಗೆ ಹೋಗಿ ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು, ಅದೇ ಬೆಂಗಳೂರಾಯಿತು. ಕಥೆ ಸೊಗಸಾಗಿದೆ. ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಒಂದು ವೀರಗಲ್ಲು ಇದೆ, ಕಾಲ ಸುಮಾರು 890, ಗಂಗರ ಆಳ್ವಿಕೆ. ಬೆಂಗಳೂರಿನ ಕಾಳಗದಲ್ಲಿ ಸತ್ತವನ ಮಾತು ಅದರಲ್ಲಿದೆ. ವೀರಬಲ್ಲಾಳ ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕೂ ಹಿಂದೆ ಆ ಹೆಸರು ಬಳಕೆಯಲ್ಲಿತ್ತು, ಅಲ್ಲೊಂದು ಕಾಳಗವೂ ನಡೆದಿತ್ತು. ಕಥೆ ಹೇಳಿದ ಅಜ್ಜಿ ಸುಳ್ಳುಗಾತಿ ಎಂದು ಮಕ್ಕಳಿಗೆ ಹೇಳುವುದು ಬೇಡ. ಕಥೆಗೂ ಒಂದು ಇತಿಹಾಸವಿರುತ್ತದೆ, ಜನ ತಮ್ಮ ಊರನ್ನು ಹೇಗೆ ಕಾಣಲು ಬಯಸಿದರು ಎಂಬುದನ್ನು ಅದು ತಿಳಿಸುತ್ತದೆ. ರಾಜನಿಗೆ ಬಡವಿಯೊಬ್ಬಳು ಅನ್ನವಿಟ್ಟಳು ಎಂಬ ಕಥೆಯನ್ನು ಊರಿನವರು ಕಾಪಾಡಿಕೊಂಡು ಬಂದದ್ದು ಸಣ್ಣ ವಿಷಯವಲ್ಲ. ಆದರೆ ಊರಿನ ಹೆಸರು ಎಷ್ಟು ಹಳೆಯದು ಎಂಬ ಪ್ರಶ್ನೆಗೆ ಬೇಗೂರಿನ ಕಲ್ಲೇ ಸಾಕ್ಷಿ. ಯಾವ ಪ್ರಶ್ನೆಗೆ ಯಾವ ಸಾಕ್ಷಿ ಎಂದು ಬೇರ್ಪಡಿಸಲು ಬಂದರೆ ಮೊಬೈಲಿನಲ್ಲಿ ದಿನಬೆಳಗಾದರೆ ಬರುವ ‘ಮುಚ್ಚಿಟ್ಟ ಇತಿಹಾಸ’ಗಳ ಮುಂದೆ ನಮ್ಮ ಮಕ್ಕಳು ಕಂಗಾಲಾಗುವುದಿಲ್ಲ.

ಈಗ ಕಾರಣಗಳ ವಿಷಯ. ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ‘ಕಾರಣಗಳು ಮತ್ತು ಪರಿಣಾಮಗಳು’ ತಪ್ಪದೆ ಬರುತ್ತವೆ. ರಾಜಕೀಯ, ಆರ್ಥಿಕ, ಧಾರ್ಮಿಕ ಎಂದು ಮೂರು ತಲೆಬರಹ ಹಾಕಿ ಬರೆಸುತ್ತೇವೆ. ನಿಜವಾದ ಕಾರಣಗಳು ಹಾಗೆ ಬೇರೆ ಬೇರೆ ನಿಂತಿರುವುದಿಲ್ಲ. ಹಳೇ ಮೈಸೂರಿನ ಸೀಮೆಯಲ್ಲಿ ತಲೆಮಾರುಗಳ ತನಕ ಜನರ ನೆನಪಿನಲ್ಲಿ ಉಳಿದ ಧಾತು ಈಶ್ವರ ಬರವನ್ನು ತೆಗೆದುಕೊಳ್ಳಿ. 1876ರಿಂದ 1878ರವರೆಗಿನ ಆ ಬರಕ್ಕೆ ಜನ ಇಟ್ಟ ಹೆಸರು ಎರಡು ಸಂವತ್ಸರಗಳದು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಅದು 42 ಲಕ್ಷದ ಆಸುಪಾಸಿಗೆ ಇಳಿಯಿತು. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಜನಸಂಖ್ಯೆ ಎಂಟು ಲಕ್ಷಕ್ಕೂ ಹೆಚ್ಚು ಕುಗ್ಗಿತು. ಈ ಎರಡು ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬರೆದು ಸುಮ್ಮನೆ ನಿಂತರೆ ಸಾಕು, ಮಕ್ಕಳೇ ಕೇಳುತ್ತಾರೆ.

ಮಳೆ ಹೋಯಿತು, ಬೆಳೆ ಹೋಯಿತು, ಅದು ನಿಜ. ಆದರೆ ಅಷ್ಟು ಜನ ಸತ್ತದ್ದು ಮಳೆ ಇಲ್ಲದ್ದರಿಂದ ಮಾತ್ರವೇ? ಮೈಸೂರು ಆಗ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು, 1831ರಿಂದಲೂ. ಧಾನ್ಯದ ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದು, ಬೆಲೆ ತಾನಾಗಿಯೇ ಸರಿಹೋಗುತ್ತದೆ ಎಂಬುದು ಆ ಕಾಲದ ಅಧಿಕಾರಿಗಳ ನಂಬಿಕೆ. ಬೆಲೆ ಸರಿಹೋಗಲಿಲ್ಲ, ಕೂಲಿಯವನ ಕೈಗೆ ನಿಲುಕದಷ್ಟು ಏರಿತು. ದಕ್ಷಿಣದಲ್ಲೆಲ್ಲ ಜನ ಸಾಯುತ್ತಿದ್ದಾಗಲೇ 1877ರ ಜನವರಿ 1ರಂದು ದೆಹಲಿಯಲ್ಲಿ ವೈಸ್‌ರಾಯ್ ಲಿಟ್ಟನ್ ದರ್ಬಾರು ನಡೆಸಿ ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದ. ಬರಪರಿಹಾರದ ಖರ್ಚು ಕಡಿಮೆ ಮಾಡಲು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಕಳಿಸಲಾಯಿತು. ಪರಿಹಾರ ಕಾಮಗಾರಿಯಲ್ಲಿ ದುಡಿಯುವವರಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಅರ್ಧ ಕಿಲೋಗೂ ಕಡಿಮೆ, ಸಾಕು ಎಂಬ ಅಳತೆ ಅವನದು. ಅಷ್ಟು ತಿಂದು ಇಡೀ ದಿನ ಮಣ್ಣು ಹೊರಬೇಕು. ಗುಳೆ ಹೋದವರು ರಸ್ತೆಯಲ್ಲೇ ಬಿದ್ದರು, ಬಡಕಲಾದ ಮೈಗೆ ಕಾಲರಾ ಹತ್ತಿತು.

ಪರಿಣಾಮಗಳು ಇದಕ್ಕಿಂತ ಸೋಜಿಗ. ಬರದ ಖರ್ಚಿನಿಂದ ಸಂಸ್ಥಾನದ ತಲೆಯ ಮೇಲೆ 80 ಲಕ್ಷ ರೂಪಾಯಿ ಸಾಲ ಕೂತಿತು. 1881ರಲ್ಲಿ ಹತ್ತನೇ ಚಾಮರಾಜ ಒಡೆಯರಿಗೆ ರಾಜ್ಯ ಹಿಂದಿರುಗಿದಾಗ ಈ ಸಾಲವೂ ಜೊತೆಗೆ ಬಂತು. ದಿವಾನ್ ರಂಗಾಚಾರ್ಲು ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಕರೆದರು. ಬರಪರಿಹಾರದ ಕಾಮಗಾರಿಯಾಗಿ ನಡೆದ ಬೆಂಗಳೂರು–ಮೈಸೂರು ರೈಲು ಮಾರ್ಗ 1882ರಲ್ಲಿ ಮೈಸೂರು ಮುಟ್ಟಿತು. ಮಂಡ್ಯ, ಮದ್ದೂರಿನ ಮಕ್ಕಳು ದಿನಾ ಕೇಳುವ ರೈಲಿನ ಸದ್ದಿನ ಹಿಂದೆ ಹಸಿದ ಹೊಟ್ಟೆಯಲ್ಲಿ ಮಣ್ಣು ಹೊತ್ತವರಿದ್ದಾರೆ. ಇದು ತಿಳಿದ ಮಗು ಮುಂದೆ ಬರಗಾಲ ಎಂಬ ಸುದ್ದಿ ಓದಿದಾಗ ಮಳೆಯ ಅಂಕಿ ನೋಡಿ ನಿಲ್ಲಿಸುವುದಿಲ್ಲ. ಧಾನ್ಯ ಎಲ್ಲಿದೆ, ಬೆಲೆ ಎಷ್ಟು, ಕೂಲಿ ಎಷ್ಟು, ತೀರ್ಮಾನ ಮಾಡುವವರು ಎಲ್ಲಿ ಕೂತಿದ್ದಾರೆ ಎಂದು ಕೇಳುತ್ತದೆ. ಇತಿಹಾಸದ ಉಪಯೋಗವೇನು ಎಂದು ಕೇಳುವ ತಂದೆತಾಯಿಗೆ ನಾನು ಕೊಡುವ ಉತ್ತರ ಇದು.

ಕಷ್ಟದ ಪ್ರಶ್ನೆಗೆ ಬರುತ್ತೇನೆ. ಇವತ್ತು ಹಲವು ಶಿಕ್ಷಕರು ಕೆಲವು ಪಾಠಗಳನ್ನು ಭಯದಿಂದಲೇ ಮಾಡುತ್ತಾರೆ. ಟಿಪ್ಪು ಸುಲ್ತಾನ್ ಎಂದ ಕೂಡಲೇ ತರಗತಿಯಲ್ಲಿ ಎರಡು ಗುಂಪಾಗುತ್ತದೆ, ಸಂಜೆ ಹೊತ್ತಿಗೆ ಊರಿಗೆ ಸುದ್ದಿ ಮುಟ್ಟುತ್ತದೆ. ಆದ್ದರಿಂದ ನಾಲ್ಕು ಯುದ್ಧಗಳ ಇಸವಿ ಬರೆಸಿ ಮುಂದೆ ಹೋಗುತ್ತಾರೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೂ ಅದು ಸರಿಯಾದ ದಾರಿ ಎಂದು ಹೇಳಲಾರೆ.

1791ರಲ್ಲಿ, ಮೂರನೇ ಮೈಸೂರು ಯುದ್ಧದ ಸಮಯದಲ್ಲಿ, ಮರಾಠಾ ಸೈನ್ಯದ ಕಡೆಯವರು ಶೃಂಗೇರಿ ಮಠವನ್ನು ಲೂಟಿ ಮಾಡಿದರು. ಮಠದ ಸ್ವಾಮಿಗಳು ಕಾರ್ಕಳಕ್ಕೆ ಹೋಗಬೇಕಾಯಿತು. ಆಗ ಟಿಪ್ಪು ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆದು, ಲೂಟಿಗೆ ದುಃಖಪಟ್ಟು, ಶಾರದೆಯ ಪುನಃಪ್ರತಿಷ್ಠೆಗೆ ಹಣ, ಸಾಮಗ್ರಿ ಕೊಡಿಸಿದ. ಈ ಪತ್ರಗಳು ಮಠದಲ್ಲೇ ಇದ್ದವು, 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವುಗಳನ್ನು ಬೆಳಕಿಗೆ ತಂದರು. ಇದು ದಾಖಲೆ. ಅದಕ್ಕೂ ಏಳು ವರ್ಷ ಮೊದಲು, 1784ರಲ್ಲಿ, ಅದೇ ಟಿಪ್ಪುವಿನ ಅಪ್ಪಣೆಯಿಂದ ಕರಾವಳಿಯ ಕ್ರೈಸ್ತರನ್ನು ಸಾವಿರಾರು ಸಂಖ್ಯೆಯಲ್ಲಿ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಬದುಕುಳಿದವರು ಬಿಡುಗಡೆಯಾದದ್ದು 1799ರಲ್ಲಿ. ಕೊಡಗಿನ ಜನರಿಗೂ ಅದೇ ಗತಿಯಾಯಿತು. ಇದೂ ದಾಖಲೆ. ಮಂಗಳೂರಿನ ಕುಟುಂಬಗಳಲ್ಲಿ, ಮಡಿಕೇರಿಯ ಮನೆಗಳಲ್ಲಿ ಅದರ ನೋವು ಇನ್ನೂ ಜೀವಂತವಿದೆ.

ಮೇಷ್ಟ್ರ ಕೆಲಸ ಎರಡನ್ನೂ ಒಂದೇ ಮೇಜಿನ ಮೇಲೆ ಇಡುವುದು. ಒಂದನ್ನು ಡ್ರಾಯರಿನಲ್ಲಿಟ್ಟು ಇನ್ನೊಂದನ್ನೇ ತೋರಿಸುವವರು ವಕೀಲರಾಗಬಹುದು, ಇತಿಹಾಸದ ಮೇಷ್ಟ್ರಾಗಲಾರರು. ಎರಡನ್ನೂ ಇಟ್ಟ ಮೇಲೆ ಕೇಳಬೇಕಾದ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ: ರಾಜ್ಯದ ಉಳಿವಿಗೂ ರಾಜನ ನಂಬಿಕೆಗೂ ಇಲ್ಲಿ ಏನು ಸಂಬಂಧ, ಇಂಗ್ಲಿಷರ ಜೊತೆ ಯುದ್ಧದಲ್ಲಿರುವ ಅರಸ ತನ್ನದೇ ಪ್ರಜೆಗಳಲ್ಲಿ ಯಾರನ್ನು ಶತ್ರುಪಕ್ಷ ಎಂದು ಅನುಮಾನಿಸಿದ, ಶೃಂಗೇರಿಯನ್ನು ದೋಚಿದವರ ಧರ್ಮ ಯಾವುದಾಗಿತ್ತು. ತರಗತಿ ಮುಗಿಯುವ ಹೊತ್ತಿಗೆ ಎಲ್ಲರೂ ಒಪ್ಪಬೇಕೆಂದಿಲ್ಲ. ಮುಸ್ಲಿಂ ಹುಡುಗನೂ ಕೊಡವ ಹುಡುಗಿಯೂ ಕ್ರೈಸ್ತ ಹುಡುಗಿಯೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಕಾಗದಗಳನ್ನು ಓದಿದರು ಎಂಬುದೇ ದೊಡ್ಡದು. ಊರಿನಲ್ಲಿ ಬೇರೆಲ್ಲೂ ಅವರು ಹಾಗೆ ಕೂರುವ ಜಾಗ ಇಲ್ಲ.

‘ಹೇಗೆ ಗೊತ್ತು’ ಎಂದು ಕೇಳಲು ಕಲಿಸುವುದಕ್ಕೆ ಒಬ್ಬ ದೂರದೇಶದ ಮೇಷ್ಟ್ರ ಉದಾಹರಣೆ ಕೊಡುತ್ತೇನೆ. ಫ್ರಾನ್ಸಿನ ಮಾರ್ಕ್ ಬ್ಲಾಕ್ ದೊಡ್ಡ ಇತಿಹಾಸಕಾರರೆಂದು ಹೆಸರಾಗುವ ಮುಂಚೆ ಪ್ರೌಢಶಾಲೆಯ ಶಿಕ್ಷಕರಾಗಿದ್ದರು. 1914ರ ಜುಲೈ 13ರಂದು ಅಮಿಯೆನ್ಸ್ ಊರಿನ ಶಾಲೆಯಲ್ಲಿ ಬಹುಮಾನ ವಿತರಣೆಯ ದಿನ ಮಕ್ಕಳಿಗೆ ಭಾಷಣ ಮಾಡುವ ಸರದಿ ಅವರದು. ಶುಭ ಹಾರೈಸಿ ಮುಗಿಸಬಹುದಿತ್ತು. ಅವರು ಆರಿಸಿಕೊಂಡ ವಿಷಯ, ಸಾಕ್ಷಿಯ ಮಾತನ್ನು ಪರೀಕ್ಷಿಸುವುದು ಹೇಗೆ ಎಂಬುದು. ಮೂರು ವಾರದಲ್ಲಿ ಮಹಾಯುದ್ಧ ಶುರುವಾಯಿತು, ಅವರೇ ಸೈನಿಕರಾಗಿ ಹೋದರು. ಕಂದಕಗಳಲ್ಲಿ ಸುಳ್ಳುಸುದ್ದಿ ಹೇಗೆ ಹುಟ್ಟಿ ಹೇಗೆ ಬೆಳೆಯುತ್ತದೆ ಎಂದು ಗಮನಿಸಿ 1921ರಲ್ಲಿ ಒಂದು ಪ್ರಬಂಧ ಬರೆದರು. ಅದರಲ್ಲಿ ಒಂದು ಪ್ರಸಂಗವಿದೆ. ಸೆರೆಸಿಕ್ಕ ಜರ್ಮನ್ ಸೈನಿಕನೊಬ್ಬ ಯುದ್ಧಕ್ಕೆ ಮುಂಚೆ ತಾನು ಬ್ರೆಮೆನ್ ನಗರದಲ್ಲಿ ವ್ಯಾಪಾರಿಯಾಗಿದ್ದೆ ಎಂದ. ಫ್ರೆಂಚರು ಆ ಊರನ್ನು ಬ್ರೆಮ್ ಎನ್ನುತ್ತಾರೆ. ಸೈನ್ಯ ಬೀಡುಬಿಟ್ಟಿದ್ದ ಜಾಗದ ಹಿಂದೆಯೇ ಬ್ರೆನ್ ಎಂಬ ಫ್ರೆಂಚ್ ಊರಿತ್ತು. ಕೇಳಿದವರು ಅರ್ಥಮಾಡಿಕೊಂಡದ್ದು ಅದನ್ನೇ. ಸ್ವಲ್ಪ ಹೊತ್ತಿನಲ್ಲೇ, ನಮ್ಮ ಊರಿನಲ್ಲಿ ಅಂಗಡಿ ಇಟ್ಟುಕೊಂಡಿದ್ದ ಗೂಢಚಾರ ಸಿಕ್ಕಿಬಿದ್ದ ಎಂಬ ಸುದ್ದಿ ದಂಡಿನಲ್ಲೆಲ್ಲ ಹಬ್ಬಿತು. ಕಿವಿ ತಪ್ಪು ಕೇಳಲಿಲ್ಲ, ಮನಸ್ಸು ಮೊದಲೇ ಗೂಢಚಾರರನ್ನು ಹುಡುಕುತ್ತಿತ್ತು ಎಂಬುದು ಬ್ಲಾಕ್ ಅವರ ವಿಶ್ಲೇಷಣೆ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಪುಕಾರಿಗೆ ಅಮಾಯಕರನ್ನು ಹೊಡೆದು ಕೊಂದ ಊರುಗಳು ನಮ್ಮ ದೇಶದಲ್ಲೂ ಇವೆ. ಆ ಗುಂಪಿನಲ್ಲಿದ್ದ ಎಷ್ಟೋ ಜನ ಯಾವುದೋ ಶಾಲೆಯಲ್ಲಿ ಇತಿಹಾಸ ಕಲಿತವರೇ ಇರಬೇಕು. ಈ ವಿಷಯ ನನ್ನ ನಿದ್ದೆ ಕೆಡಿಸುತ್ತದೆ. ಬ್ಲಾಕ್ ಎರಡನೇ ಮಹಾಯುದ್ಧದಲ್ಲಿ ನಾಜಿಗಳ ವಿರುದ್ಧ ಗುಪ್ತ ಹೋರಾಟಕ್ಕೆ ಸೇರಿ ಸೆರೆಯಾದರು. 1944ರ ಜೂನ್ 16ರಂದು ಅವರನ್ನು ಗುಂಡಿಟ್ಟು ಕೊಂದರು. ಇತಿಹಾಸದಿಂದ ಏನು ಪ್ರಯೋಜನ ಎಂಬ ಪ್ರಶ್ನೆಯಿಂದಲೇ ಆರಂಭವಾಗುವ ಅವರ ಪುಸ್ತಕ ಅರ್ಧಕ್ಕೆ ನಿಂತಿತ್ತು, ಅವರು ಸತ್ತ ಐದು ವರ್ಷದ ಮೇಲೆ ಅಚ್ಚಾಯಿತು.

ಇಷ್ಟೆಲ್ಲ ಮಾಡಲು ಮೇಷ್ಟ್ರಿಗೆ ಏನು ಬೇಕು? ಮೊದಲು ಪರೀಕ್ಷೆ ಬದಲಾಗಬೇಕು. ಒಂದು ಶಾಸನದ ಹೊಸಗನ್ನಡ ಸಾರವನ್ನೋ ಹಳೆಯ ಪತ್ರಿಕೆಯ ತುಣುಕನ್ನೋ ಪ್ರಶ್ನೆಪತ್ರಿಕೆಯಲ್ಲೇ ಅಚ್ಚುಹಾಕಿ, ಇದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ಕೇಳುವ ಪ್ರಶ್ನೆ ಪ್ರತಿ ಪರೀಕ್ಷೆಯಲ್ಲೂ ಇರಲಿ. ಪರೀಕ್ಷೆಗೆ ಬರುತ್ತದೆ ಎಂದರೆ ತರಗತಿಗೆ ತಾನಾಗಿ ಬರುತ್ತದೆ. ಎರಡನೆಯದಾಗಿ, ಪ್ರತಿ ತಾಲ್ಲೂಕಿನ ಒಂದಾದರೂ ಹೈಸ್ಕೂಲಿನ ಲೈಬ್ರರಿಯಲ್ಲಿ ಆ ಭಾಗದ ಶಾಸನ ಸಂಪುಟ, ಆ ಜಿಲ್ಲೆಯ ಗೆಜೆಟಿಯರ್ ಇರಬೇಕು. ನಮ್ಮ ಹೈಸ್ಕೂಲುಗಳಿಗೆ ಹೋಗಿ ಕೇಳಿ ನೋಡಿ, ಪ್ರೊಜೆಕ್ಟರ್ ಬಂದಿರುತ್ತದೆ, ಈ ಪುಸ್ತಕಗಳು ಬಂದಿರುವುದಿಲ್ಲ.

ಉಳಿದದ್ದು ಊರಿನಲ್ಲೇ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ವೀರಗಲ್ಲು ಇತ್ತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ 949–50. ರಾಷ್ಟ್ರಕೂಟ ಮೂರನೇ ಕೃಷ್ಣನೂ ಗಂಗ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ್ದು, ರಾಜಾದಿತ್ಯ ಸತ್ತದ್ದು ಆ ಕಲ್ಲಿನಲ್ಲಿದೆ. ದಕ್ಷಿಣ ಭಾರತದ ರಾಜಕೀಯವನ್ನೇ ತಿರುಗಿಸಿದ ಯುದ್ಧ ಅದು. ಆದರೆ ಕಲ್ಲು ನಿಲ್ಲಿಸಿದ್ದು ಅದಕ್ಕಾಗಿ ಅಲ್ಲ. ಆ ಯುದ್ಧದಲ್ಲಿ ಕಾದಿದ ಮಣಲೆರ ಎಂಬವನು ಬಹುಮಾನವಾಗಿ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ನಾಯಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿತು, ಎರಡೂ ಸತ್ತವು. ಕಲ್ಲು ಕಾಳಿಯದು. ನಾಯಿಯೂ ಹಂದಿಯೂ ಕಚ್ಚಾಡುವ ಚಿತ್ರವನ್ನು ಕೆತ್ತಿ, ಕಲ್ಲಿನ ಪೂಜೆಗೆ ಭೂಮಿ ಬಿಟ್ಟಿದ್ದಾರೆ. ತಕ್ಕೋಲದ ಯುದ್ಧಕ್ಕೆ ಇದು ಮುಖ್ಯ ಆಧಾರಗಳಲ್ಲಿ ಒಂದು. ಒಂದು ನಾಯಿಯನ್ನು ಮರೆಯಬಾರದು ಎಂದುಕೊಂಡದ್ದರಿಂದ ಒಂದು ದೊಡ್ಡ ಯುದ್ಧದ ಸಾಕ್ಷಿ ನಮಗೆ ಉಳಿಯಿತು.

ಇಂಥ ಕಲ್ಲುಗಳು ಎಷ್ಟೋ ಊರುಗಳಲ್ಲಿ ಬಟ್ಟೆ ಒಗೆಯುವ ಕಲ್ಲಾಗಿವೆ, ಚರಂಡಿಯ ಹಾಸಾಗಿವೆ, ರಸ್ತೆ ಅಗಲ ಮಾಡುವಾಗ ಜೆಸಿಬಿಯ ಬಾಯಿಗೆ ಸಿಕ್ಕಿವೆ. ನಿಧಿಯ ಆಸೆಗೆ ರಾತ್ರಿ ಬಂದು ಒಡೆದು ಹಾಕಿರುವವೂ ಉಂಟು. ಪುರಾತತ್ವ ಇಲಾಖೆ ಊರೂರಿಗೆ ಕಾವಲುಗಾರನನ್ನು ಇಡಲಾರದು. ಊರಿನ ಹೈಸ್ಕೂಲಿನಲ್ಲಿ ಒಬ್ಬ ಮೇಷ್ಟ್ರಿದ್ದಾರೆ, ಮೂವತ್ತು ನಲವತ್ತು ಮಕ್ಕಳಿದ್ದಾರೆ. ಆ ಮಕ್ಕಳಲ್ಲಿ ಒಬ್ಬಳು ತನ್ನ ಅಪ್ಪನಿಗೆ ‘ಅಪ್ಪಾ, ಈ ಕಲ್ಲು ತೆಗೀಬೇಡ, ಇದರ ನಂಬರು ಪುಸ್ತಕದಲ್ಲಿದೆ’ ಎಂದು ಹೇಳಿದರೆ ಆ ಕಲ್ಲು ಉಳಿಯುತ್ತದೆ.

ಈ ಕಾಲೇಜಿನ ಇತಿಹಾಸ ವಿಭಾಗಕ್ಕೆ ನನ್ನದೊಂದು ಕೋರಿಕೆ. ಇಲ್ಲಿಗೆ ಸುತ್ತಲಿನ ಎಷ್ಟೋ ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ವಿಭಾಗದಲ್ಲಿ ಒಂದು ದಪ್ಪ ರಿಜಿಸ್ಟರ್ ಇಡಿ. ಊರು, ಕಲ್ಲು ಇರುವ ಜಾಗ, ಎತ್ತರ ಅಗಲ, ಅಕ್ಷರ ಇದೆಯೇ ಇಲ್ಲವೇ, ಕೆತ್ತಿರುವ ಚಿತ್ರ ಏನು, ಊರಿನವರು ಅದನ್ನು ಏನೆಂದು ಕರೆಯುತ್ತಾರೆ, ಅದರ ಬಗ್ಗೆ ಏನು ಕಥೆ ಹೇಳುತ್ತಾರೆ, ಶಾಸನ ಸಂಪುಟದಲ್ಲಿ ಅದರ ಸಂಖ್ಯೆ ಎಷ್ಟು, ನೋಡಿ ಬಂದ ತಾರೀಖು ಯಾವುದು, ಬರೆದವರು ಯಾರು – ಇಷ್ಟು ಕಾಲಂ ಸಾಕು. ಕಲ್ಲಿಗೆ ಸೀಮೆಸುಣ್ಣ, ಬಣ್ಣ, ಎಣ್ಣೆ ಹಚ್ಚಬೇಡಿ, ಸಂಜೆಯ ಓರೆ ಬಿಸಿಲಿನಲ್ಲಿ ಫೋಟೊ ತೆಗೆದರೆ ಅಕ್ಷರ ತಾನಾಗಿ ಎದ್ದು ಕಾಣುತ್ತದೆ. ಸಂಪುಟದಲ್ಲಿ ಇಲ್ಲದ ಶಾಸನ ಸಿಕ್ಕಿದರೆ ಫೋಟೊ ಸಮೇತ ಪುರಾತತ್ವ ಇಲಾಖೆಗೆ ಪತ್ರ ಬರೆಯಿರಿ, ಪತ್ರದಲ್ಲಿ ಕಂಡವರ ಹೆಸರಾಗಿ ಆ ವಿದ್ಯಾರ್ಥಿಯ ಹೆಸರೇ ಇರಲಿ. ಈ ಉಪನ್ಯಾಸಕ್ಕೆ ತಾವು ಕೊಡಲಿರುವ ಗೌರವಧನವನ್ನು ಆ ರಿಜಿಸ್ಟರಿಗೆ, ಅಳತೆಯ ಟೇಪುಗಳಿಗೆ, ಮಕ್ಕಳ ಬಸ್ ಚಾರ್ಜಿಗೆ ಬಳಸಬೇಕೆಂದು ಕೇಳಿಕೊಳ್ಳುತ್ತೇನೆ. ಮುಂದಿನ ವರ್ಷದ ದತ್ತಿ ಉಪನ್ಯಾಸದ ದಿನ ಆ ರಿಜಿಸ್ಟರನ್ನು ಈ ಮೇಜಿನ ಮೇಲೆ ಇಟ್ಟು, ಬರೆದವರಿಂದಲೇ ನಾಲ್ಕು ಪುಟ ಓದಿಸಿ.